ಒಂದು ಮಿಲಿವೋಲ್ಟಿನ ವಿಚಾರಣೆ

ಹಗಲುಗನಸು ಕಾಣುವವರು ಅಳತೆಯ ಕೆಲಸಕ್ಕೆ ಕೈ ಹಾಕಬಾರದು. ಮೂಗಿನ ತುದಿಯಲ್ಲಿ ಸಿಟ್ಟಿರುವ ಹಗಲುಗನಸುಗಾರರಂತೂ ಅದರ ಹತ್ತಿರವೂ ಸುಳಿಯಬಾರದು. ನನಗೆ ಈ ಎರಡೂ ರೋಗಗಳಿವೆ. ತಡವಾಗಿ ಬರುವ ಬಸ್ಸಿನವರಿಂದ ಹಿಡಿದು ನೀರು ಬಿಡದ ಪಂಚಾಯಿತಿಯವರೆಗೆ ಎಲ್ಲರಿಂದಲೂ ಲಿಖಿತ ವಿವರಣೆ ಕೇಳಿದವಳು ನಾನು. ಆದರೆ ನವಲಗುಂದದ ಹತ್ತಿರವಿರುವ ನಮ್ಮ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಯೋಗಾಲಯದಲ್ಲಿ ಮಧ್ಯಾಹ್ನ ಹೋಗಿ ಕುಳಿತೆನೆಂದರೆ ಆ ಸಿಟ್ಟೆಲ್ಲ ಎಲ್ಲೋ ಕರಗಿಹೋಗುತ್ತದೆ.

ಅಲ್ಲಿ ನಾವು ಜಿರಳೆಯ ಕಾಲಿನ ನರ ಆಡುವ ಮಾತನ್ನು ಕೇಳುತ್ತೇವೆ. ಕಾಲಿಗೆ ಎರಡು ಸಣ್ಣ ಸೂಜಿ ಚುಚ್ಚಿದರೆ, ಅದರೊಳಗಿನ ಅತಿ ಕ್ಷೀಣವಾದ ವಿದ್ಯುತ್ತು ಆಂಪ್ಲಿಫೈಯರ್ ಎಂಬ ಪೆಟ್ಟಿಗೆಯನ್ನು ಹಾಯ್ದು, ಸಾವಿರ ಪಟ್ಟು ಹಿಗ್ಗಿ, ಪರದೆಯ ಮೇಲೆ ಏಳುತ್ತದೆ. ಫ್ಯಾನು ತಿರುಗಿದರೂ ಗೆರೆ ನಡುಗುವುದರಿಂದ ಎಲ್ಲವನ್ನೂ ಆರಿಸಿ ಕೂರಬೇಕು. ಕಿಟಕಿಯಾಚೆ ಎರೆಹೊಲ ಆಕಾಶಕ್ಕೆ ತಾಗುವ ಗೆರೆ, ಈಚೆ ಪರದೆಯ ಹಸಿರು ಗೆರೆ. ಯಾವುದು ಯಾವುದೆಂದು ಮರೆಯುವಷ್ಟು ಹೊತ್ತು ನೋಡುತ್ತಿದ್ದೆ. ನರ ಮಿಡಿದಾಗ ಸ್ಪೀಕರಿನಲ್ಲಿ, ಜೋಳದ ಒಣ ಕಣಿಕೆಯ ಮೇಲೆ ಮೊದಲ ಹನಿಗಳು ಬಿದ್ದಂಥ ಸದ್ದು.

ಇದಕ್ಕೆಲ್ಲ ಮೊದಲು ಒಂದು ನೀರಸ ಕೆಲಸವಿದೆ. ಪೆಟ್ಟಿಗೆ ನಿಜಕ್ಕೂ ಸಾವಿರ ಪಟ್ಟೇ ಹಿಗ್ಗಿಸುತ್ತಿದೆಯೇ ಎಂದು ಪರೀಕ್ಷಿಸಬೇಕು. ಖಚಿತವಾಗಿ ಒಂದೇ ಮಿಲಿವೋಲ್ಟನ್ನು ಒಳಗೆ ಕಳಿಸಿ, ಗೆರೆ ಸರಿಯಾಗಿ ಎರಡು ಚೌಕ ಏರುವ ತನಕ ಗುಂಡಿ ತಿರುಗಿಸಬೇಕು. ನಾನು ಅದನ್ನು ಮಾಡುತ್ತಿರಲಿಲ್ಲ. ಮಹಾನವಮಿ ಮುಗಿದ ಮರುವಾರ ನಾನು ಕೆಲಸಕ್ಕೆ ಸೇರಿದಾಗಲೇ ಗುಂಡಿಯ ಪಕ್ಕದಲ್ಲೊಂದು ಕೆಂಪು ಚುಕ್ಕೆಯಿತ್ತು. ಹಿಂದಿನ ಅಧ್ಯಾಪಕರು ಅಳೆದು ಇಟ್ಟ ಗುರುತೆಂದು ನಂಬಿ, ಗುಂಡಿಯನ್ನು ಗೌರವದಿಂದ ಅಲ್ಲಿಗೆ ತಂದು ನಿಲ್ಲಿಸಿ, ದಾಖಲೆ ಪುಸ್ತಕದಲ್ಲಿ ‘ಪರೀಕ್ಷಿಸಲಾಗಿದೆ’ ಎಂದು ಬರೆದು ಕನಸಿಗೆ ಜಾರುತ್ತಿದ್ದೆ. ಹೀಗೆ ಮೂರು ತಿಂಗಳು.

ಮೊರಬದಿಂದ ಬರುವ ನೀಲವ್ವ ಕೊನೆಯ ವರ್ಷದ ವಿದ್ಯಾರ್ಥಿನಿ. ಪಠ್ಯಪುಸ್ತಕದಲ್ಲಿ ಹೇಳಿದಂತೆಯೇ ಪರೀಕ್ಷಿಸಿ ಅಳೆದ ಅವಳ ಅಂಕಿಗಳು ನನ್ನವುಗಳ ಅರ್ಧದಷ್ಟಿದ್ದವು. ಅವಳ ವರದಿಯನ್ನು ಎರಡು ಸಲ ಹಿಂದಿರುಗಿಸಿದೆ. ‘ಅಕ್ಷಮ್ಯ ನಿರ್ಲಕ್ಷ್ಯ’ ಎಂದು ಷರಾ ಬರೆದೆ. ವರದಿ ಸಲ್ಲಿಸುವ ಕೊನೆಯ ದಿನ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

“ಮ್ಯಾಡಮ್ರೀ, ಇವತ್ತ ನೀವು ಸಹಿ ಮಾಡ್ಲಿಲ್ಲಂದ್ರ ನಾ ಫೇಲ್. ನನ್ನ ಮುಂದ ಒಮ್ಮೆ ಆ ಒಂದು ಮಿಲಿವೋಲ್ಟ್ ಬಿಟ್ಟು ತೋರಸ್ರಿ.”

ಗುಂಡಿಯನ್ನು ಕೆಂಪು ಚುಕ್ಕೆಗೆ ತಂದು ತೋರಿಸಿದೆ. ಗೆರೆ ನಾಲ್ಕು ಚೌಕ ಏರಿ, ನನ್ನನ್ನೇ ನೋಡುತ್ತ ನಿಂತಿತು.

“ಯಾರು ಇಟ್ಟಾರ ಈ ಚುಕ್ಕಿ?” ಎಂದು ಗುಡುಗಿದೆ. ಪ್ರಯೋಗಾಲಯದ ಅಟೆಂಡರ್ ಚನ್ನಪ್ಪ ಕಾಕಾ ಬಂದು, ಬಗ್ಗಿ ನೋಡಿ, ನಿರಾಳವಾಗಿ ಹೇಳಿದರು: “ನಾನ ಇಟ್ಟೇನ್ರಿ ಅಕ್ಕಾರ, ಮಹಾನವಮಿಗೆ ಯಂತ್ರಕ್ಕೆಲ್ಲಾ ಖಂಡಿಪೂಜಿ ಮಾಡಿದ ದಿನ. ಬ್ಯಾರೆ ಕಡೆ ಎಲ್ಲಾ ನಂಬರ್ ಬರದಾರ್ರಿ, ಕುಂಕುಮಕ್ಕ ಅಲ್ಲೇ ಒಂದೀಟು ಜಾಗಾ ಇತ್ತು. ಅಳಿಸಿ ಹೋಗಬಾರ್ದಂತ ಎಣ್ಣಿ ಹಚ್ಚಿ ಇಟ್ಟೀನಿ.”

“ಹೇಳಬೇಕಿತ್ತಲ್ರಿ ಕಾಕಾ!”

“ದಿನಾ ಅದನ್ನ ನೋಡಿ ನೋಡಿ ಕೈ ಹಚ್ಚತಿದ್ರಿ. ನಾ ಭಕ್ತಿ ಅಂತ ತಿಳಕೊಂಡ್ನಿ.”

ನೀಲವ್ವ ನಗು ತಡೆಯಲು ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಂಡಳು. ಷರಾ ಹೊಡೆದುಹಾಕಿ ಅವಳ ವರದಿಗೆ ಸಹಿ ಮಾಡಿದೆ. ಅವಳು ಕದಲಲಿಲ್ಲ. “ಆ ದಾಖಲೆ ಪುಸ್ತಕದಾಗೂ ಬರೀರಿ ಮ್ಯಾಡಮ್. ಇಲ್ಲಂದ್ರ ನಿಮ್ಮ ಅಂಕಿ ನೋಡಿ ನಾಳೆ ಮತ್ಯಾರೋ ನನ್ನಂಥಾಕೀನ ಬೈತಾರ.”

‘ಯಂತ್ರದಲ್ಲಿ ದೋಷ ಕಂಡುಬಂದಿದೆ’ ಎಂದು ಬರೆದೆ.

“ಯಂತ್ರ ಏನ ಮಾಡೇತ್ರಿ, ಪಾಪ?”

ಅದನ್ನೂ ಹೊಡೆದುಹಾಕಿದೆ. ‘ಮೂರು ತಿಂಗಳು ಪರೀಕ್ಷಿಸದೆಯೇ ಪರೀಕ್ಷಿಸಿದೆನೆಂದು ಬರೆದವಳು ನಾನು’ ಎಂದು ಬರೆದು ಹೆಸರು ಹಾಕಿದೆ. ಚನ್ನಪ್ಪ ಕಾಕಾ ಕನ್ನಡಕ ಏರಿಸಿ ಓದಲು ನೋಡಿದರು. ಆಗದೆ, ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಯ್ದರು.

“ಅಕ್ಕಾರ, ನೀಲವ್ವಗ ಬರದ ಷರಾ ನಾ ಬಾಗಲದಾಗ ನಿಂತು ಓದಿದ್ನಿ. ಇದನ್ಯಾಕ್ರಿ ಇರಿವಿ ಹರದಾಡಿದಂಗ ಬರದೀರಿ?”

“ಪೆನ್ನು ಸರಿ ಇಲ್ರಿ ಕಾಕಾ,” ಎಂದೆ.