ಏಳನೇ ಕಪಾಟಿನ ಕಾನೂನು

ನಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದ ಪುಸ್ತಕ ವಿಂಗಡಣಾಧಿಕಾರಿಗಳಿಗೆ,

ಪರಮ ಮಾನ್ಯರೇ,

ಯಾವ ಪುಸ್ತಕ ಎಲ್ಲಿ ಕೂರಬೇಕೆಂದು ಇಪ್ಪತ್ತೆರಡು ವರ್ಷಗಳಿಂದ ಒಬ್ಬರೇ ತೀರ್ಮಾನಿಸುತ್ತ ಬಂದಿರುವ ತಮಗೆ, ಆ ಪುಸ್ತಕಗಳನ್ನು ಅಷ್ಟೇ ವರ್ಷಗಳಿಂದ ಹುಡುಕುತ್ತ ಬಂದಿರುವ ಓದುಗಿಯೊಬ್ಬಳ ನಮಸ್ಕಾರಗಳು. ತಮ್ಮ ಆರೋಗ್ಯ, ಅದರಲ್ಲೂ ಕಣ್ಣಿನ ಆರೋಗ್ಯ ಚೆನ್ನಾಗಿದೆಯೆಂದು ನಂಬಿದ್ದೇನೆ.

ಮೊದಲಿಗೆ ತಮ್ಮ ವಿಧಾನವನ್ನು ಹೊಗಳದಿದ್ದರೆ ತಪ್ಪಾದೀತು. ಪುಸ್ತಕ ತೆರೆದು ನೋಡಿ ವಿಂಗಡಿಸುವ ಕಷ್ಟವನ್ನು ತಾವು ತೆಗೆದುಕೊಳ್ಳುವುದಿಲ್ಲ. ಕಪಾಟುಗಳ ಧೂಳು ಒರೆಸುವ ಅಮ್ಮ ಹೇಳಿದಂತೆ, “ಸಾಹೇಬ್ರು ಹಿಂದ್ಗಡೆ ತಿರುಗಿಸಿ ನೋಡ್ತಾರಮ್ಮ, ಹೆಂಗಸಿನ ಫೋಟೊ ಇದ್ರೆ ಸೀದಾ ಏಳನೇ ಕಪಾಟಿಗೆ.” ಬಾಗಿಲ ಹಿಂದೆ ಅರ್ಧ ಅಡಗಿರುವ, ‘ಮಹಿಳೆಯರಿಗಾಗಿ’ ಎಂಬ ಚೀಟಿ ಅಂಟಿಸಿಕೊಂಡಿರುವ ಆ ಕಪಾಟಿನಲ್ಲಿ, ಹುಡುಗಿಯರು ಶಾಲೆ ಬಿಡುವುದೇಕೆಂಬ ಅಧ್ಯಯನವೊಂದು ಶಿಶುಪಾಲನೆಯ ಪಕ್ಕ ಕುಳಿತಿದೆ. ಮಕ್ಕಳ ಕತೆಗಳಲ್ಲಿ ಹುಡುಗ ಹಡಗು ಹತ್ತಿ ಹೋದರೂ ಹುಡುಗಿ ಕಿಟಕಿಯಲ್ಲೇ ಯಾಕೆ ನಿಂತಿರುತ್ತಾಳೆಂದು ಕೇಳುವ ಪುಸ್ತಕ, ಮುಖಪುಟದಲ್ಲಿ ಕಿಟಕಿಯ ಚಿತ್ರವಿದ್ದ ಕಾರಣಕ್ಕೆ, ಗೃಹಾಲಂಕಾರದ ಸಾಲಿಗೆ ಸೇರಿದೆ. ತಾಯಿಯನ್ನು ನೆನೆದು ಮಗ ಬರೆದದ್ದು ತಮ್ಮಲ್ಲಿ ಸಾಹಿತ್ಯ, ಮಗಳು ಬರೆದದ್ದು ಕುಟುಂಬ ನಿರ್ವಹಣೆ. ಭುಜದವರೆಗೆ ಕೂದಲು ಬಿಟ್ಟಿದ್ದ ಭೌತವಿಜ್ಞಾನಿಯೊಬ್ಬರು ಮೀಸೆ ಇದ್ದೂ ಆರು ತಿಂಗಳು ಅಲ್ಲಿ ಸಿಕ್ಕಿಬಿದ್ದಿದ್ದರಂತೆ. ವಿಷಯ ತಿಳಿದ ದಿನವೇ ತಾವು ಅವರನ್ನು ಸಕಲ ಮರ್ಯಾದೆಯೊಂದಿಗೆ ವಿಜ್ಞಾನ ವಿಭಾಗಕ್ಕೆ ಕರೆದೊಯ್ದಿರೆಂದು ಕೇಳಿ ಮನಸ್ಸಿಗೆ ಸಮಾಧಾನವಾಯಿತು.

ಇನ್ನು ನನ್ನ ದೂರು. ನನಗೊಬ್ಬ ಅಕ್ಕ ಇದ್ದಾಳೆ. ತಾತನಿಂದ ಅಪ್ಪನಿಗೆ ಬಂದ ಮನೆಯ ಹಿಂಬದಿಯ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬದುಕುತ್ತಾಳೆ. ಅಪ್ಪನ ಕೊನೆಯ ಆರು ವರ್ಷ ಅವರನ್ನು ನೋಡಿಕೊಂಡದ್ದೂ ಅವಳೇ. ಆ ಕೋಣೆಯನ್ನು ಕೆಡವಿ ಕಾರು ನಿಲ್ಲಿಸಲು ಜಾಗ ಮಾಡಬೇಕೆಂದು ನಮ್ಮ ಅಣ್ಣನಿಗೆ ಮನಸ್ಸಾಯಿತು. ಅವನು ತಮ್ಮ ಕಾನೂನು ವಿಭಾಗದಿಂದ ದಪ್ಪನೆಯ ಪುಸ್ತಕವೊಂದನ್ನು ತಂದು, ಪಿತ್ರಾರ್ಜಿತ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿಲ್ಲವೆಂಬ ಪುಟವನ್ನು ತೆರೆದು ತೋರಿಸಿ, ಗುರುವಾರ ನೋಂದಣಿ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರಕ್ಕೆ ಸುಮ್ಮನೆ ಒಂದು ಸಹಿ ಹಾಕು ಎಂದ. ಎಂಟನೇ ತರಗತಿಗೇ ಶಾಲೆ ಬಿಡಬೇಕಾಗಿ ಬಂದಿದ್ದ ನನ್ನ ಅಕ್ಕ, “ಇಲ್ಲದ ಪಾಲನ್ನ ಬಿಟ್ಟುಕೊಡೋಕೆ ನನ್ನ ಸಹಿ ಯಾಕಣ್ಣ?” ಎಂದು ಕೇಳಿದಳು. ಅಣ್ಣ, “ನಿಂಗೆ ಇದೆಲ್ಲ ಅರ್ಥ ಆಗಲ್ಲ ಕಣೇ, ನಿನ್ನ ತಂಗಿ ಅಷ್ಟು ಓದಿದವಳು, ಅವಳೇ ಹಾಕಿಲ್ವಾ?” ಎಂದನಂತೆ.

ಹಾಕಿದ್ದೇನೆ, ಮಾನ್ಯರೇ. ನಾಲ್ಕು ವರ್ಷದ ಹಿಂದೆ, ಇಂಗ್ಲಿಷ್ ಶಾಲೆಯವರು ಬೆರಳಿಗೆ ಹೊಡೆದು ಕಲಿಸಿದ ಅಂದವಾದ ಅಕ್ಷರದಲ್ಲಿ, ಒಂದೇ ಒಂದು ಸಾಲೂ ಓದದೆ. ಪಾಲು ಕೇಳುವ ತಂಗಿ ಎನ್ನಿಸಿಕೊಳ್ಳಲು ನಾಚಿಕೆಯಾಗಿತ್ತು. ಅದನ್ನು ನನ್ನ ದೊಡ್ಡ ಮನಸ್ಸೆಂದು ನಾನೇ ತಿಳಿದುಕೊಂಡಿದ್ದೆ. ಅದು ಹೆದರಿಕೆಯೇ ಇದ್ದಿರಬಹುದೆಂಬ ಅನುಮಾನ ಬಂದದ್ದು ಅಕ್ಕನ ಪ್ರಶ್ನೆ ಕೇಳಿದ ಮೇಲೆ.

ಹೀಗಾಗಿ ಮಂಗಳವಾರ ತಮ್ಮ ಕಾನೂನು ವಿಭಾಗಕ್ಕೆ ಬಂದು, ಫ್ಯಾನಿನ ಕೆಳಗೆ ನಿದ್ದೆ ಹೋಗಿದ್ದ ಮೂವರು ಹಿರಿಯರನ್ನು ಎಬ್ಬಿಸದಂತೆ ಎರಡು ಗಂಟೆ ಹುಡುಕಿದರೂ ನನಗೆ ಸಿಕ್ಕಿದ್ದು ಅಣ್ಣ ಓದಿ ವಾಪಸು ಕೊಟ್ಟಿದ್ದ ಆ ಪುಸ್ತಕವೊಂದೇ. ಸ್ವೆಟರ್ ಹೆಣೆಯುವ ಪುಸ್ತಕ ಬೇಕೆಂದು ನನ್ನ ಜೊತೆ ಬಂದಿದ್ದ ಅಕ್ಕ ಮಾತ್ರ ಏಳನೇ ಕಪಾಟಿನಿಂದ ಎರಡು ಪುಸ್ತಕ ಹಿಡಿದು ಬಂದಳು. ಒಂದು ಹೆಣಿಗೆಯದು. ಇನ್ನೊಂದು ನನ್ನ ಕೈಯಲ್ಲಿದ್ದ ಕಾನೂನು ಪುಸ್ತಕದ್ದೇ ಎರಡನೇ ಮುದ್ರಣ. ಮೊದಲ ಮುದ್ರಣದಲ್ಲಿ ಲೇಖಕರು ಬರೀ ಎರಡು ಇನಿಶಿಯಲ್ಲು ಮತ್ತು ಒಂದು ಮನೆತನದ ಹೆಸರಾಗಿದ್ದು ಎಂಟು ವರ್ಷ ಕಾನೂನು ವಿಭಾಗದಲ್ಲಿ ಗೌರವದಿಂದ ಬಾಳಿದ್ದರು. ಎರಡನೆಯದರ ಹಿಂಬದಿಯಲ್ಲಿ ಕನ್ನಡಕ ಹಾಕಿ ನಗುತ್ತಿರುವ ಹೆಂಗಸಿನ ಫೋಟೊ ಅಚ್ಚಾಗಿತ್ತು. ಕಾನೂನು ಬದಲಾಗಿದೆ, ಮಗನಷ್ಟೇ ಪಾಲು ಮಗಳಿಗೂ ಇದೆ ಎಂದು ಹೇಳುವ ಪುಟ ಇದ್ದದ್ದು ಆ ಮುದ್ರಣದಲ್ಲಿ. ಮೂರು ವರ್ಷದಲ್ಲಿ ಅದನ್ನು ಒಬ್ಬರೂ ಮನೆಗೆ ಒಯ್ದಿರಲಿಲ್ಲ.

ಗುರುವಾರ ನೋಂದಣಿ ಕಚೇರಿಯಲ್ಲಿ ಅಕ್ಕ ಆ ಪುಸ್ತಕವನ್ನು ಪತ್ರ ಬರಹಗಾರರ ಮೇಜಿನ ಮೇಲಿಟ್ಟು, ದಯವಿಟ್ಟು ಗಟ್ಟಿಯಾಗಿ ಓದಿ ಎಂದಳು. ಅವರು ಅರ್ಧ ಪುಟ ಓದಿ, ಕೆಮ್ಮಿ, ಪೆನ್ನಿನ ಮುಚ್ಚಳ ಹಾಕಿ, “ಇದು ಎಲ್ಲಿ ಸಿಕ್ತಮ್ಮ?” ಎಂದರು. ಅಕ್ಕ, “ಸ್ವೆಟರ್ ಪಕ್ಕದಲ್ಲಿ” ಎಂದಳು. ಅಣ್ಣನಿಗೆ ರೇಗಿಹೋಗಿ, “ಹೆಣಿಗೆ ಪುಸ್ತಕ ಇಟ್ಕೊಂಡು ಕೋರ್ಟಿಗೆ ಹೋಗ್ತೀಯೇನೇ?” ಎಂದ. “ಇಲ್ಲಣ್ಣ, ಮನೆಗೆ ಹೋಗ್ತೀನಿ, ಎರಡು ಬ್ಲೌಸ್ ಇವತ್ತೇ ಕೊಡ್ಬೇಕು” ಎಂದು ಅವಳು ಸಹಿ ಹಾಕದೆ ಎದ್ದು ಬಂದಳು.

ಆದ್ದರಿಂದ ಆ ಪುಸ್ತಕವನ್ನು ಸರಿಯಾದ ಜಾಗಕ್ಕೆ ಸೇರಿಸಿ ಎಂದು ನಾನು ಕೇಳುವೆನೆಂದು ತಾವು ಹೆದರಬೇಕಾಗಿಲ್ಲ. ಸರಿಯಾದ ಜಾಗದಲ್ಲಿ ಅದನ್ನು ಇಟ್ಟಿದ್ದರೆ ನನ್ನ ಅಕ್ಕನ ಕೈಗೆ ಸಿಗುತ್ತಲೇ ಇರಲಿಲ್ಲ. ನನ್ನ ವಿನಂತಿ ಇಷ್ಟೇ: ಇಡೀ ಕಾನೂನು ವಿಭಾಗವನ್ನೇ, ನಿದ್ದೆಯಲ್ಲಿರುವ ಹಿರಿಯರನ್ನು ಬಿಟ್ಟು, ಏಳನೇ ಕಪಾಟಿಗೆ ಸಾಗಿಸಬೇಕು. ವಿಚ್ಛೇದನವನ್ನು ಕೇಶಾಲಂಕಾರದ ಪಕ್ಕ, ಕೂಲಿಯ ಕಾಯಿದೆಗಳನ್ನು ಕಸೂತಿಯ ಪಕ್ಕ, ಉಯಿಲುಗಳನ್ನು ಶಿಶುಪಾಲನೆಯ ಕೆಳಗಿನ ಸಾಲಿನಲ್ಲಿ ಇಡಬಹುದು. ಜಾಗ ಸಾಲದಿದ್ದರೆ ಬಾಗಿಲನ್ನು ಬೇರೆ ಗೋಡೆಗೆ ಸರಿಸಬೇಕು. ಹಾಗೆಯೇ, ಓದಿದವಳೊಬ್ಬಳು ಓದದೆ ಹಾಕಿದ ಸಹಿ ಯಾವ ವಿಭಾಗಕ್ಕೆ ಸೇರುತ್ತದೆಂದು ತಮ್ಮ ಬಿಡುವಿನಲ್ಲಿ ತೀರ್ಮಾನಿಸಿ ತಿಳಿಸಿದರೆ ಉಪಕಾರವಾದೀತು. ನಾನು ಎಷ್ಟೇ ತಿರುಗಿಸಿ ನೋಡಿದರೂ ಗೊತ್ತಾಗುತ್ತಿಲ್ಲ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಹೊಲಿಗೆಯವಳ ತಂಗಿ

ವಿ.ಸೂ.: ಅಣ್ಣ ಈಗ ಅಕ್ಕನ ಜೊತೆ ಮಾತು ಬಿಟ್ಟಿದ್ದಾನೆ. ಅವನ ಮಗಳು ಮಾತ್ರ ನಿನ್ನೆ ಹೊಲಿಗೆ ಕಲಿಯಬೇಕೆಂದು ನೆಪ ಹೇಳಿ ಹಿಂಬದಿಯ ಕೋಣೆಗೆ ಬಂದವಳು, ಸೂಜಿ ಮುಟ್ಟದೆ, ಮಗಳಿಗೂ ಪಾಲಿದೆ ಎನ್ನುವ ಆ ಪುಟದ ಫೋಟೊವನ್ನು ಫೋನಿನಲ್ಲಿ ತೆಗೆದುಕೊಂಡು ಹೋದಳು. ಅವಳಿಗೆ ಇಬ್ಬರು ಅಣ್ಣಂದಿರಿದ್ದಾರೆ.