ಮಗಳ ಬೇಸಿಗೆ ಓದು, ನನ್ನ ಪಾಡು

ಪುಸ್ತಕ ಓದುವುದಕ್ಕಿಂತ ಓದಬೇಕಾದ ಪುಸ್ತಕಗಳ ಪಟ್ಟಿ ಮಾಡುವುದೇ ಹೆಚ್ಚು ಸುಖ ಎಂದು ನಾನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ಪಟ್ಟಿಗೆ ಬಿಡುವು ಬೇಕಿಲ್ಲ. ಬಸ್ಸಿಗೆ ಕಾಯುತ್ತಾ ನಿಂತಾಗಲೂ, ಸಾರು ಕುದಿಯುವಾಗಲೂ ಮಾಡಬಹುದು. ಅದರಲ್ಲೂ ಪಟ್ಟಿ ನಮಗಲ್ಲ, ನಮ್ಮ ಮಕ್ಕಳಿಗೆ ಎಂದಾದರೆ ಆ ಸುಖಕ್ಕೆ ಎಣೆಯೇ ಇಲ್ಲ. ಓದುವ ಕಷ್ಟ ಅವರದು, ಓದಿಸಿದ ಹೆಮ್ಮೆ ನಮ್ಮದು.

ನಾನು ಗಡಿಯಾಚೆ ತಮಿಳು ಸೀಮೆಗೆ ಸೇರಿದ ಪಣಕಹಳ್ಳಿಯವಳು, ಕೆಲಸದಲ್ಲಿ ನರ್ಸು. ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಗೆಟ್ಟವಾಡಿ ಕಡೆಯ ಊರುಗಳನ್ನೆಲ್ಲ ಸುತ್ತಿ ಮನೆ ಸೇರುವ ಹೊತ್ತಿಗೆ, ನನ್ನ ಹೆಸರೇನೆಂದು ಯಾರಾದರೂ ಕೇಳಿದರೆ ಸ್ವಲ್ಪ ಯೋಚಿಸಿ ಹೇಳಬೇಕಾದ ಸ್ಥಿತಿಯಲ್ಲಿರುತ್ತೇನೆ. ಗಂಡನಿಗೆ ಕೋಸಿನ ಹೊಲ, ಮಾರ್ಕೆಟ್ಟಿನ ಲೋಡು. ಮನೆಯಲ್ಲಿ ಮಗಳು ಕಲಾಳನ್ನು ನೋಡಿಕೊಳ್ಳುವವರು ನನ್ನ ಅತ್ತೆ. ಕಲಾ ಆಗ ಆರನೆಯ ಕ್ಲಾಸು ಮುಗಿಸಿದ್ದಳು. ಶಾಲೆ ತಮಿಳಿನದು, ತಮಿಳನ್ನು ನೀರು ಕುಡಿದ ಹಾಗೆ ಓದುತ್ತಿದ್ದಳು. ಮನೆಯಲ್ಲಿ ಬಾಯಿ ತೆರೆದರೆ ಬರೀ ಕನ್ನಡ. ಆದರೆ ಕನ್ನಡದ ಅಕ್ಷರ ಕಂಡರೆ ಮುಳ್ಳು ತುಳಿದವಳಂತೆ ನಿಂತುಬಿಡುತ್ತಿದ್ದಳು. ಚಾಮರಾಜನಗರದ ನೆಂಟರು ಮದುವೆ ಕಾಗದ ಕೊಟ್ಟು ಹೋದಾಗ ಅಜ್ಜಿ ಓದಿಸಿದರೆ, ಇವಳು ವಧುವಿನ ಹೆಸರನ್ನು ವರನಿಗೆ ಕೊಟ್ಟು ಇಬ್ಬರನ್ನೂ ಅದಲುಬದಲು ಮಾಡಿದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಅಂದು ರೊಟ್ಟಿ ತಟ್ಟುವಾಗ, ನಮ್ಮ ಮನೆಯ ಮಾತು ಇವಳ ಬಾಯಲ್ಲೇ ನಿಂತುಹೋಗುತ್ತದೋ ಏನೋ ಎಂದು ಯೋಚಿಸುತ್ತಾ ಒಂದು ರೊಟ್ಟಿಯನ್ನು ಸೀಯಿಸಿಬಿಟ್ಟೆ.

ಹಾಗಾಗಿ ಆ ಬೇಸಿಗೆಗೆ ಕನ್ನಡ ಪುಸ್ತಕಗಳ ಪಟ್ಟಿ ಸಿದ್ಧವಾಯಿತು. ಒಂದು ರಜೆ ಹಾಕಿ ಚಾಮರಾಜನಗರಕ್ಕೆ ಹೋಗಿ ರಾಜರಾಣಿಯರ ಕಥೆ, ಪ್ರಾಣಿಪಕ್ಷಿಗಳ ಪುಸ್ತಕ, ನಕ್ಷತ್ರಗಳ ಪುಸ್ತಕ ಎಲ್ಲ ತಂದೆ. ಬರುವಾಗ ಕೈ ತಡೆಯದೆ ದಪ್ಪನೆಯ ಸಂಸಾರದ ಕಾದಂಬರಿಯೊಂದನ್ನೂ ಎತ್ತಿಕೊಂಡೆ. "ಇದೂ ಮಗುವಿಗಾ?" ಎಂದು ಅಂಗಡಿಯವರು ಕೇಳಿದರು. "ಅಲ್ಲ, ನನಗೆ" ಎಂದೆ. ಹೇಳುವಾಗ ನನಗೇ ನಂಬಿಕೆಯಿರಲಿಲ್ಲ.

ಏರ್ಪಾಡು ಸರಳವಾಗಿತ್ತು. ಮಧ್ಯಾಹ್ನ ಕಲಾ ಅಜ್ಜಿಯ ಮುಂದೆ ಕೂತು ಗಟ್ಟಿಯಾಗಿ ಓದಬೇಕು. ಅತ್ತೆಗೆ ಅಕ್ಷರ ಬರದಿದ್ದರೂ ಮೊಮ್ಮಗಳು ನಿಲ್ಲಿಸಿದರೆ ತಿಳಿಯುತ್ತದಲ್ಲ. ಮೊದಲ ದಿನ ಕೆಲಸದಿಂದ ಬಂದವಳೇ "ಕಲಾ ಓದಿದಳಾ ಅತ್ತೆ?" ಎಂದೆ. "ಊಂ, ಆಗ್ಲೇ ಓದ್ಲು" ಎಂದರು. ನನಗೆ ಆಯಾಸವೆಲ್ಲ ಇಳಿಯಿತು. ನಮ್ಮ ಕಡೆ ಹಕಾರ ನಾಲಿಗೆಯ ಮೇಲೆ ನಿಲ್ಲುವುದಿಲ್ಲ ಎಂಬುದು ಮರೆತೇಹೋಗಿತ್ತು. ಅವಳು ಹೋದದ್ದು ಆಟಕ್ಕೆ.

ಆ ವರ್ಷ ಮಧ್ಯಾಹ್ನ ಕರೆಂಟು ಇರುತ್ತಿರಲಿಲ್ಲ, ಅತ್ತೆಯ ಟಿ.ವಿ. ಧಾರಾವಾಹಿ ತಪ್ಪುತ್ತಿತ್ತು. ಬೇಸರಕ್ಕೆ ಅವರೇ ಮೊಮ್ಮಗಳನ್ನು ಹಿಡಿದು ಕೂರಿಸಿದರು. ರಾಜರಾಣಿಯರು ಬೇಗ ಮುಗಿದರು, ನಕ್ಷತ್ರಗಳು ಅವರಿಗೆ ಹಿಡಿಸಲಿಲ್ಲ. ಆಮೇಲೆ ನನ್ನ ದಪ್ಪ ಕಾದಂಬರಿ ಅವರ ಕೈಗೆ ಬಿತ್ತು. ಒಂದು ಸಂಜೆ ಬಂದು ನೋಡಿದರೆ ಜಗಲಿಯ ತುಂಬ ಹೆಂಗಸರು. ಪಕ್ಕದ ಮನೆಯ ಪುಟ್ಟಮ್ಮ ಅವರೆಕಾಯಿಯ ಮೊರವನ್ನೇ ತಂದುಕೊಂಡು ಕೂತಿದ್ದರು. ನಡುವೆ ಗಂಟಲು ಕಟ್ಟಿದ ನನ್ನ ಮಗಳು.

"ಅವ್ವ, ಈ ಬುಕ್ಕ ಎಲ್ಲಾರ ಬಚ್ಚಿಡು. ಅಜ್ಜಿ ಆಡಕ್ಕೇ ಬುಡಲ್ಲ" ಎಂದು ಪಿಸುಗುಟ್ಟಿದಳು.

ಮಗಳು ಪುಸ್ತಕ ಹಿಡಿಯಲಿ ಎಂದು ಹರಕೆ ಹೊತ್ತವಳು, ಈಗ ಬಿಡಿಸಿ ಎಂದು ಅತ್ತೆಯನ್ನು ಬೇಡುವಂತಾಯಿತು. "ಮೊಗೀಗೆ ಗಂಟ್ಲು ನೋವು ಅತ್ತೆ, ಇವತ್ತಿಗೆ ಬುಟ್ಬುಡಿ."

"ಅದ್ರ ಗಂಟ್ಲು ನೋವಾದ್ರೆ ನಿಂಗೇನಾಗದೆ? ನೀನೇ ಓದು. ಕತೇಲಿ ಆ ಸೊಸೆ ಗಂಟುಮೂಟೆ ಕಟ್ಕಂಡು ಬಾಗ್ಲಲ್ಲಿ ನಿಂತವ್ಳೆ. ಅವಳ್ನ ಅಂಗೇ ನಿಲ್ಸ್ಬುಟ್ಟು ನಾವೆಂಗೆ ಉಣ್ಣದು?"

ಅಂದಿನಿಂದ ಸಂಜೆಯ ಓದು ನನ್ನ ಪಾಲಿಗೆ ಬಂತು. ಕಲಾ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು; ನಾನು ಸೀರೆಯನ್ನೂ ಬದಲಾಯಿಸದೆ ಪುಸ್ತಕದ ಮುಂದೆ ಕೂರುತ್ತಿದ್ದೆ. ಅದರಲ್ಲಿ ಉಗ್ರಾಣಕ್ಕೆ ಬೀಗ ಹಾಕುವ ಅತ್ತೆಯೊಬ್ಬಳಿದ್ದಳು. ಆ ಪುಟ ಬಂದಾಗ ನನಗೆ ಸಂಕೋಚವಾಯಿತು. ನನ್ನ ಅತ್ತೆಗೆ ಆಗಲಿಲ್ಲ. "ಬೀಗ ಆಕ್ದೆ ಇನ್ನೇನ್ ಮಾಡಾಳು? ಆ ಸೊಸೆ ಒಗ್ಗರಣೆಗೆ ಎಣ್ಣೆ ಉಯ್ಯದ್ನ ನೋಡು" ಎಂದರು. ಪುಟ್ಟಮ್ಮ ನನ್ನತ್ತ ನೋಡಿದರು. ನಾನು ಸೇಡು ತೀರಿಸಿಕೊಂಡದ್ದು ಬೇರೆ ರೀತಿ: ಸೊಸೆಯ ಮಾತು ಬಂದ ಕಡೆಯೆಲ್ಲ, ಜನ್ಮದಲ್ಲಿ ಅತ್ತೆಯೆದುರು ಆಡದ ಮಾತುಗಳನ್ನು ಪುಸ್ತಕದ ನೆಪದಲ್ಲಿ ಗಟ್ಟಿಯಾಗಿ ಆಡಿದೆ. "ಅದ್ಯಾಕಂಗ್ ಕಿರುಚ್ಕತೀಯೆ, ಮೆತ್ತಗೆ ಓದವ್ವ" ಎಂದರು ಅತ್ತೆ.

ಒಂದು ದಿನ ಲಸಿಕೆಯ ಕ್ಯಾಂಪು. ನಿಂತು ನಿಂತು ಕಾಲು ಮರದ ಕೊರಡಾಗಿತ್ತು. ಆದರೂ ಓದಲು ಕೂತೆ. ಸೊಸೆ ಕಣ್ಣೊರೆಸಿಕೊಂಡು ಹಿತ್ತಲಿಗೆ ಹೋದಳು ಎಂಬಲ್ಲಿವರೆಗೆ ನೆನಪಿದೆ. ಆಮೇಲೆ ನನ್ನ ಬಾಯಿ ತಾನೇ ತಾನಾಗಿ ನಡೆದಿರಬೇಕು. "ಕಬ್ಬಿಣದ ಮಾತ್ರೆಯನ್ನು ಊಟ ಆದ ಮೇಲೆ ತಪ್ಪದೆ ನುಂಗಬೇಕು" ಎಂದು ನಾನು ಓದಿದೆನಂತೆ.

"ಯಾರು ನುಂಗಬೇಕು?" ಎಂದರು ಅತ್ತೆ.

"ಇನ್ಯಾರು, ಸೊಸೆ. ಬಸುರಿ ಆಗವ್ಳೆ" ಎಂದರು ಪುಟ್ಟಮ್ಮ.

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ಮ್ಯಾಲೆ ಆ ಮನೇಲಿ ಜಗಳ ಇರಕ್ಕಿಲ್ಲ, ಬುಡು" ಎಂದರು. ಅವರ ದನಿಗೇ ನನಗೆ ಎಚ್ಚರವಾದದ್ದು. ಅಷ್ಟರಲ್ಲಿ ಅಂಗಳದಲ್ಲಿ ಒಂಟಿ ಕಾಲಲ್ಲಿ ನಿಂತಿದ್ದ ಕಲಾ ಹೇಳಿದಳು: "ಅವ್ವ ನಿದ್ದೇಲಿ ಓದ್ತಾವ್ಳೆ. ಅವ್ಳು ಬಸುರಿ ಅಲ್ಲ ಅಜ್ಜಿ. ಅವ್ಳು ತವರಿಗೆ ಓಯ್ತಳೆ, ಆಮೇಲೆ ಅತ್ತೆನೇ ಓಗಿ ಕರ್ಕಂಡ್ ಬತ್ತಳೆ."

"ನಾವಿನ್ನೂ ಅಲ್ಲಿಗೆ ಬಂದೇ ಇಲ್ವಲ್ಲೇ" ಎಂದೆ.

"ನೀ ಓದದು ಬಾಳ ತಡ ಆಯ್ತದೆ ಕಣವ್ವ. ನೀ ಡ್ಯೂಟಿಗೆ ಒಂಟ್ಮೇಲೆ ನಾನೇ ಓದಿ ಮುಗಿಸ್ಬುಟ್ಟೆ."

ಮದುವೆ ಕಾಗದದಲ್ಲಿ ತಡವರಿಸಿದ ಹುಡುಗಿ ನನ್ನ ದಪ್ಪ ಕಾದಂಬರಿಯನ್ನು, ಯಾರೂ ಹೇಳದೆ, ಒಬ್ಬಳೇ ಕೂತು ಓದಿ ಮುಗಿಸಿದ್ದಳು. ನಾನು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟೆ. ಅದು ಆಯಾಸಕ್ಕೋ ಸಂತೋಷಕ್ಕೋ ಬಿಡಿಸಿ ನೋಡುವಷ್ಟು ಶಕ್ತಿ ಉಳಿದಿರಲಿಲ್ಲ. ಅತ್ತೆಗೆ ಮಾತ್ರ ಕೋಪ. "ಕತೆ ಕೆಡಿಸ್ಬುಟ್ಟಲ್ಲಮ್ಮಿ" ಎಂದು ಎದ್ದು ಒಳಗೆ ಹೋದರು. ಬಾಗಿಲಲ್ಲಿ ತಿರುಗಿ, "ಕರ್ಕಂಡ್ ಬಂದ್ಳು ಅಂದ್ಯಲ್ಲ, ಒಳ್ಳೇದಾಯ್ತು" ಎಂದರು.

ಶಾಲೆ ತೆರೆಯಿತು. ಇನ್ನು ಸಂಜೆ ಸ್ವಲ್ಪ ಕಾಲು ಚಾಚಬಹುದು ಎಂದುಕೊಂಡೆ. ಚಾಮರಾಜನಗರಕ್ಕೆ ಕೋಸು ಹೊರಡಿಸುತ್ತಿದ್ದ ಗಂಡನ ಹತ್ತಿರ ಅತ್ತೆ ನಿಂತು ಪುಸ್ತಕ ತರಲು ಹೇಳುತ್ತಿದ್ದುದು ಅಡುಗೆಮನೆಗೆ ಕೇಳಿಸಿತು.

"ಮೊಗ ಅದ್ರಷ್ಟಕ್ಕದು ಓದ್ಕತದೆ, ಅದ್ರ ಯೋಚ್ನೆ ಬುಡು. ನಿನ್ ಎಂಡ್ರಿಗೆ ಮಾತ್ರ ಸಣ್ಣಕ್ಸರದ್ದು ತರಬ್ಯಾಡ ಕಣ್ಲಾ, ನಿದ್ದೆ ಮಾಡ್ಬುಡ್ತಳೆ. ದೊಡ್ಡಕ್ಸರದ್ದು, ವಸಿ ಚಿತ್ರ ಇದ್ದದ್ನೇ ನೋಡ್ಕಂಡು ತಕ್ಕಬಾ."