ನನ್ನ ಖಳನಾಯಕನನ್ನು ನುಂಗಿದ ಆಂಟಿವೈರಸ್ ಮಹಾಶಯರಿಗೆ

ಮಾನ್ಯರೇ, ವೈರಸ್ ಕುಲಾಂತಕರೇ, ನನ್ನ ಮನೆಯ ಕಂಪ್ಯೂಟರಿನ ಮೂಲೆಯಲ್ಲಿ ರೆಪ್ಪೆ ಬಡಿಯದೆ ನಿಂತ ದ್ವಾರಪಾಲಕರೇ, ಬಹುಪರಾಕ್!

ಚಿತ್ತವಾಡ್ಗಿಯ ನಾಟಕದ ಮಾಸ್ತರನಾದ ನಾನು, ಕಂಪ್ಲಿಯ ಅಕ್ಕಿ ಗಿರಣಿ ಹಮಾಲರು ಬರುವ ಶನಿವಾರ ಆಡಲಿರುವ ನಾಟಕವನ್ನು ಎರಡೇ ಬೆರಳಿನಲ್ಲಿ ಮೂರು ತಿಂಗಳು ಟೈಪು ಮಾಡುವಾಗ, ತಾವು ನಾಲ್ಕು ಸಾಲಿಗೊಮ್ಮೆ ಪ್ರವೇಶಿಸಿ 'ಅಪಾಯ! ಅಪಾಯ!' ಎಂದು ಕೂಗಿದ್ದಕ್ಕೆ ನನ್ನ ತಕರಾರಿಲ್ಲ. ಇಷ್ಟು ಪ್ರವೇಶ ನಮ್ಮ ನಾಯಕನಿಗೂ ಇಲ್ಲವಲ್ಲ ಎಂದು ಬೆರಗಾದೆನಷ್ಟೆ.

ಆದರೆ ಕಳೆದ ಮಂಗಳವಾರ, ಕುರೆಕುಪ್ಪದ ಹಾರ್ಮೋನಿಯಂ ಮಾಸ್ತರರ ಮನೆಗೆ ಹೋಗಿಬಂದ ಪೆನ್‌ಡ್ರೈವ್ ಚುಚ್ಚಿದೊಡನೆ, ತಾವು ಮೂರನೇ ಅಂಕವನ್ನೇ ಶಂಕಾಸ್ಪದವೆಂದು ಹಿಡಿದು 'ಅಳಿಸಲೇ?' ಎಂದಿರಿ. ನಾನು 'ಹೌದು' ಒತ್ತಿದೆ. ನಲವತ್ತು ವರ್ಷ ರಂಗದ ಮೇಲೆ ನಿಂತು, ಪ್ರಾಂಪ್ಟರ್ ಮರೆಯಿಂದ ಏನು ಪಿಸುಗುಟ್ಟಿದರೂ ಮರುಯೋಚನೆಯಿಲ್ಲದೆ ಒಪ್ಪಿಸಿ ಬದುಕಿದವನಿಗೆ ತಾವೂ ಒಬ್ಬ ಪ್ರಾಂಪ್ಟರ್ ಆಗಿಯೇ ಕಂಡಿರಿ! ಖಳನ ಮಾತುಗಳೆಲ್ಲ ಆ ಅಂಕದಲ್ಲೇ ಇದ್ದವು, ಬೇರೆ ಪ್ರತಿಯಿಲ್ಲ. ನಮ್ಮ ನಾಯಕ ಐದು ಅಂಕ ಹೆಣಗಿ ಮಾಡುವ ಸಂಹಾರವನ್ನು ಕ್ಷಣದಲ್ಲಿ ಮುಗಿಸಿದ ತಮಗೆ ಶಾಲು ಹೊದಿಸಬೇಕು.

ರಿಪೇರಿಯ ಪ್ರಾಣೇಶ ಬಂದು ಹಣೆ ಚಚ್ಚಿಕೊಂಡ. "ಮಾಸ್ತರ್ರೇ, ಇವ ಯಾಕ ಬೇಕಿತ್ರಿ? ಕಂಪ್ಯೂಟರ್ ಜತೀಗೇ ಬ್ಯಾರೆ ಒಬ್ಬ ಕಾವಲುಗಾರ ಬಂದಾನ್ರಿ, ಮನೀ ಬಳಕಿಗೆ ಅವನ ಸಾಕು. ಅವನ್ನ ಅಪ್‌ಡೇಟ್ ಇಡ್ರಿ, ಕೇಳಿದ್ದನ್ನ ಓದಿ ಒತ್ರಿ. ಓದದಂಗ ಹೂಂ ಅನ್ನೋರಿಗೆ ಪಡೇನ ತಂದು ಕುಂದ್ರಿಸಿದ್ರೂ ಸಾಲಂಗಿಲ್ಲ!" ಅಂದ. ಹೋದ ಅಂಕ ಮಾತ್ರ ಅವನಿಗೂ ಸಿಗಲಿಲ್ಲ.

ಕೊನೆಗೆ ಖಳನ ಪಾತ್ರದ ಹಮಾಲ ಉಚ್ಚೆಂಗೆಪ್ಪ, ಅಕ್ಷರ ಬಾರದ್ದರಿಂದ ಎಲ್ಲರ ಮಾತನ್ನೂ ಕಿವಿಯಲ್ಲೇ ಕಲಿತವನು, ನಮ್ಮ ಪಡಸಾಲೆಯಲ್ಲಿ ನಿಂತು ಇಡೀ ಅಂಕವನ್ನು ಗುಡುಗಿದ. ನಾನು ಟೈಪು ಮಾಡಿದೆ. ಪಕ್ಕದ ಮನೆಯ ಜಂಬಕ್ಕ ಕೊಲೆಯೇ ಆಯಿತೆಂದು ಸೌಟು ಹಿಡಿದು ಓಡಿಬಂದಳು.

ಆದ್ದರಿಂದ ಮಹಾಶಯರು ಶನಿವಾರ ಕಂಪ್ಲಿ ಬಸ್ಸು ಹತ್ತಿ ಬಂದು, ಮುಂದಿನ ಸಾಲಿನಲ್ಲಿ ಕುಳಿತು, ಉಚ್ಚೆಂಗೆಪ್ಪ ಮೀಸೆ ತಿರುವುತ್ತ ಪ್ರವೇಶಿಸಿದಾಗ ಅವನನ್ನೂ ಅಳಿಸಲು ಪ್ರಯತ್ನಿಸಿ ನೋಡಬೇಕಾಗಿ ಸವಿನಯ ಪ್ರಾರ್ಥನೆ. ದಿನಕ್ಕೆ ನೂರು ಮೂಟೆ ಹೊರುವ ತೋಳು ಅವನದು.

ಮಂಗಳವಾರದವರೆಗೂ ಅತಿಯಾಗಿಯೇ
ತಮ್ಮ ವಿಶ್ವಾಸಿ,
ದೊಡ್ಡಬಸಪ್ಪ ಮಾಸ್ತರ, ಚಿತ್ತವಾಡ್ಗಿ, ಹೊಸಪೇಟೆ

ತಾ.ಕ.: ಈ ಪತ್ರ ಬರೆಯುವಾಗ ತಾವು ಏಳು ಸಲ ಬಂದಿರಿ, ಏಳನೆಯ ಸಲ ಇದನ್ನೂ ಅಳಿಸಲೇ ಎಂದಿರಿ. ಕನ್ನಡಕ ಹಾಕಿ, ಪೂರ್ತಿ ಓದಿ, 'ಬೇಡ' ಒತ್ತಿದೆ. ಆಮೇಲೆ ತಮ್ಮನ್ನೇ ತೆಗೆದುಹಾಕುವ ಗುಂಡಿ ಒತ್ತಿದಾಗ 'ಖಂಡಿತವೇ?' ಎಂದು ಕೇಳಿದಿರಿ. ಅದನ್ನು ಎರಡು ಸಲ ಓದಿ 'ಹೌದು' ಅಂದೆ. ಶನಿವಾರ ಬರಲು ಈಗ ತಮಗೆ ಬಿಡುವಾಯಿತಲ್ಲ!